ಆರನೆಯ ಸೂತಕ



ಕಳೆದ ಶ್ರಾವಣದಲ್ಲಿ ನಮ್ಮೂರಿನ ಮಠದಲ್ಲಿ ಒಂದು ತಿಂಗಳ ಪ್ರವಚನವಿತ್ತು. ಪ್ರತಿ ಸಂಜೆ ಮಗನನ್ನು ಕರೆದುಕೊಂಡು ಹೋಗುತ್ತಿದ್ದೆ. ಅವನಿಗೆ ಈಗ 34 ವರ್ಷ. ಪ್ರವಚನ ಅವನಿಗೆ ತಿಳಿಯುವುದಿಲ್ಲ. ಆದರೆ ಹಾರ್ಮೋನಿಯಂ, ತಬಲಾ ಎಂದರೆ ಪ್ರಾಣ. ಕೊನೆಗೆ ಪಂಕ್ತಿಯಲ್ಲಿ ಕುಳಿತು ಮಾಡುವ ಪ್ರಸಾದವೆಂದರೆ ಇನ್ನೂ ಪ್ರಾಣ.

ಹನ್ನೆರಡನೆಯ ದಿನ ಪ್ರವಚನಕಾರರು ಕರ್ಮದ ವಿಷಯ ಎತ್ತಿಕೊಂಡರು. "ಮನಿಯಾಗ ಬುದ್ಧಿ ಇಲ್ಲದ ಕೂಸು ಹುಟ್ಟಿತಂದ್ರ ತಿಳಕೋರಿ, ಅದು ತಂದಿ-ತಾಯಿ ಹಿಂದಿನ ಜನ್ಮದಾಗ ಮಾಡಿದ್ದರ ಲೆಕ್ಕ. ತೀರಿಸಬೇಕು, ಬ್ಯಾರೆ ದಾರಿ ಇಲ್ಲ" ಎಂದರು. ಸಭೆ ಚಪ್ಪಾಳೆ ತಟ್ಟಿತು. ಎಲ್ಲರೂ ಚಪ್ಪಾಳೆ ತಟ್ಟಿದರೆ ನನ್ನ ಮಗನಿಗೆ ಖುಷಿ. ಅವನೂ ತಟ್ಟಿದ. ಎಲ್ಲರೂ ನಿಲ್ಲಿಸಿದ ಮೇಲೂ ತಟ್ಟುತ್ತಲೇ ಇದ್ದ. ಮುಂದಿನ ಸಾಲಿನವರು ಹಿಂತಿರುಗಿ ನೋಡಿದರು.

ನಮ್ಮ ಹಿಂದೆ ಕುಳಿತಿದ್ದ ಒಬ್ಬ ಯುವಕ ಐದಾರು ವರ್ಷದ ಮಗಳನ್ನು ಹೆಗಲಿಗೆ ಹಾಕಿಕೊಂಡು ಎದ್ದು ಹೊರಟ. ಆ ಮಗುವಿಗೆ ಡೌನ್ ಸಿಂಡ್ರೋಮ್ ಇದೆಯೆಂದು ಮುಖ ನೋಡಿದೊಡನೆ ನನ್ನಂಥವನಿಗೆ ತಿಳಿಯುತ್ತದೆ. ಅವನು ಮರುದಿನ ಬರಲಿಲ್ಲ. ತಿಂಗಳು ಮುಗಿದು ಮಂಗಲವಾಗುವವರೆಗೂ ಬರಲಿಲ್ಲ.

ನಾನು ಎದ್ದು ಹೋಗಲೂ ಇಲ್ಲ, ಎದ್ದು ನಿಂತು ಪ್ರಶ್ನೆ ಕೇಳಲೂ ಇಲ್ಲ. 67 ವರ್ಷದ ನಿವೃತ್ತ ಇಂಜಿನಿಯರ್, ಬಸವ ಜಯಂತಿ ಬಂದರೆ ವೇದಿಕೆ ಹತ್ತಿ ಮೌಢ್ಯದ ವಿರುದ್ಧ ಭಾಷಣ ಮಾಡುವವನು, ತಲೆ ತಗ್ಗಿಸಿ ಕುಳಿತೆ. ಅಂದು ಬಾಯಿ ಬಿಡದ ತಪ್ಪಿಗೆ ಇಂದು ಈ ಲೇಖನ ಬರೆಯುತ್ತಿದ್ದೇನೆ.

ನಾವು ಪಂಚಸೂತಕಗಳನ್ನು ತಳ್ಳಿಹಾಕಿದವರು. ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಈ ಯಾವುದರ ಸೂತಕವೂ ಲಿಂಗ ಧರಿಸಿದವನಿಗೆ ಇಲ್ಲ ಎಂದು ಮಕ್ಕಳಿಗೆ ಪಾಠ ಹೇಳುತ್ತೇವೆ. ಆದರೆ ಮನೆಯಲ್ಲಿ ಬುದ್ಧಿಮಾಂದ್ಯ ಮಗುವಿದ್ದರೆ ಏನಾಗುತ್ತದೆ ನೋಡಿ. ಆ ಮನೆಯ ಹೆಣ್ಣಿಗೆ ಬಂದ ಸಂಬಂಧ ನಿಶ್ಚಯದ ಹಂತದಲ್ಲಿ ನಿಂತುಹೋಗುತ್ತದೆ. ಗುರುಪ್ರವೇಶಕ್ಕೆ ಕರೆಯಲು ಬಂದ ಬೀಗರು ಬಾಗಿಲಲ್ಲಿ ನಿಂತು, "ನೀವಿಬ್ರೂ ಬರ್ರಿ, ಅವನನ್ನ ಯಾರರ ಕಡೆ ಬಿಟ್ಟು ಬರ್ರಿ" ಎನ್ನುತ್ತಾರೆ. ಮುಂಜಾನೆ ಶುಭಕಾರ್ಯಕ್ಕೆ ಹೊರಟವರು ಆ ಮಗು ಎದುರಾದರೆ ಎರಡು ನಿಮಿಷ ಕುಳಿತು ಹೊರಡುತ್ತಾರೆ. ಇದಕ್ಕೆ ಏನೆಂದು ಹೆಸರಿಡೋಣ? ಐದು ಸೂತಕ ಬಿಟ್ಟ ನಾವು ಆರನೆಯದೊಂದನ್ನು ಸಾಕಿಕೊಂಡಿದ್ದೇವೆ.

ಈ ಸೂತಕ ಮಗುವಿಗೆ ತಾಗುವುದಿಲ್ಲ. ಮಗುವಿಗೆ ಅದರ ಪರಿವೆಯೇ ಇಲ್ಲ. ತಾಗುವುದು ತಾಯಿಗೆ ಮತ್ತು ತಂದೆಗೆ. ತಾಯಿಯ ನೋವಿನ ಬಗ್ಗೆ ಅಷ್ಟೋ ಇಷ್ಟೋ ಮಾತಾಡುವವರಿದ್ದಾರೆ. ತಂದೆಯ ಮನಸ್ಸಿಗೆ ಏನಾಗುತ್ತದೆ ಎಂದು ನಮ್ಮ ಸಮಾಜದಲ್ಲಿ ಯಾರೂ ಕೇಳುವುದಿಲ್ಲ. ತಂದೆಯೂ ಹೇಳುವುದಿಲ್ಲ. ಮೂವತ್ತು ವರ್ಷ ಹೇಳದೆ ಇದ್ದವನು ನಾನು. ಇಂದು ಹೇಳುತ್ತೇನೆ.

ಮಗ ಹುಟ್ಟಿದ್ದು 1991ರಲ್ಲಿ. ನಾನಾಗ ಕೃಷ್ಣಾ ಮೇಲ್ದಂಡೆ ಯೋಜನೆಯ ನಾರಾಯಣಪುರ ಎಡದಂಡೆ ಕಾಲುವೆಯ ಕೆಲಸದಲ್ಲಿದ್ದೆ, ಭೀಮರಾಯನಗುಡಿ ಕ್ಯಾಂಪಿನಲ್ಲಿ ವಾಸ. ಹೆಂಡತಿ ಹೆರಿಗೆಗೆ ತವರಿಗೆ ಹೋಗಿದ್ದಳು. ಹೆರಿಗೆ ತಡವಾಯಿತು, ಮಗು ಹುಟ್ಟಿದೊಡನೆ ಅಳಲಿಲ್ಲ. ನನಗೆ ಸುದ್ದಿ ಮುಟ್ಟಿದ್ದು ಎರಡು ದಿನದ ಮೇಲೆ. ಅಲ್ಲಿಂದ ಶುರುವಾದ ಒಂದು ಲೆಕ್ಕ ಇಂದಿಗೂ ನನ್ನ ತಲೆಯಲ್ಲಿ ಪೂರ್ತಿ ನಿಂತಿಲ್ಲ. ನಾನು ಅಲ್ಲಿ ಇದ್ದಿದ್ದರೆ? ಜೀಪು ಇತ್ತಲ್ಲ, ದೊಡ್ಡ ಊರಿಗೆ ಕರೆದೊಯ್ದಿದ್ದರೆ?

ಮೂರು ವರ್ಷವಾದರೂ ಮಾತು ಬರಲಿಲ್ಲ. ತೋರಿಸಿದೆವು. ಆಗ ಎಲ್ಲರೂ ಬಳಸುತ್ತಿದ್ದ ಪದ 'ಎಂ.ಆರ್.' ಈಗ ಕಾನೂನಿನಲ್ಲಿ 'ಬೌದ್ಧಿಕ ಅಂಗವೈಕಲ್ಯ' ಎನ್ನುತ್ತಾರೆ, ಅದು ಒಳ್ಳೆಯ ಬದಲಾವಣೆ. ಮಗುವಿನ ಬುದ್ಧಿಮಟ್ಟ ಅಳೆಯಲು ಬಿನೆ-ಕಾಮತ್ ಪರೀಕ್ಷೆ ಮಾಡಿದರು. ವಿ.ವಿ. ಕಾಮತರು 1934ರಲ್ಲಿ ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗಾಗಿಯೇ ಹೊಂದಿಸಿದ ಪರೀಕ್ಷೆಯದು. ಮಗನಿಗೆ ಅಂಕಿ ಬಂತು. ಹೆಂಡತಿಯನ್ನು ಒಳಗೆ ಕರೆದು, ಮಗುವಿಗೆ ಊಟ, ಬಟ್ಟೆ, ಶೌಚ ಹೇಗೆ ಕಲಿಸಬೇಕೆಂದು ಒಂದು ತಾಸು ತಿಳಿಸಿದರು. ನನ್ನನ್ನು ಕೇಳಿದ್ದು ಎರಡೇ: ಹುದ್ದೆ ಏನು, ಸಹಿ ಎಲ್ಲಿ. ಆ ದಿನಗಳಲ್ಲಿ ಎಲ್ಲ ಕಡೆಯೂ ಹಾಗೆಯೇ ಇತ್ತು. ಬಹಳಷ್ಟು ಕಡೆ ಇಂದಿಗೂ ಹಾಗೆಯೇ ಇದೆ. ಮಗುವನ್ನು ಅಳೆಯುತ್ತಾರೆ, ತಾಯಿಗೆ ಕಲಿಸುತ್ತಾರೆ, ತಂದೆ ಹೊರಗಿನ ಬೆಂಚಿನ ಮೇಲೆ ಕೂತಿರುತ್ತಾನೆ.

ಮನೆಗೆ ಬಂದ ಮೇಲೆ ನಾನು ಮಾಡಿದ್ದೇನು? ಓಡಿಹೋದೆ.

ಸಂಸಾರ ಬಿಟ್ಟು ಹೋಗಲಿಲ್ಲ. ಅದಕ್ಕಿಂತ ಮರ್ಯಾದೆಯ ದಾರಿ ನನಗಿತ್ತು. ದೂರದ ಸೈಟುಗಳಿಗೆ ವರ್ಗಾವಣೆ ಕೇಳಿ ಪಡೆದೆ. ಉಳಿದವರು ಬೇಡವೆನ್ನುವ ಕ್ಯಾಂಪುಗಳು ನನಗೆ ಬೇಕಾದವು. ಕಾಲುವೆಗೆ ನೀರು ಬಿಡುವ ದಿನಗಳಲ್ಲಿ ರಾತ್ರಿಯಿಡೀ ದಂಡೆಯ ಮೇಲೆ ಇರುತ್ತಿದ್ದೆ. ಮೇಲಧಿಕಾರಿಗಳು ಹೊಗಳಿದರು. ನೆಂಟರು, "ಪಾಪ, ಮನ್ಯಾಗ ಅಂಥಾ ಕಷ್ಟ ಇದ್ರೂ ಕಾಯಕಾ ಬಿಟ್ಟಿಲ್ಲ ನೋಡ್ರಿ" ಎಂದರು. ಮಠದಲ್ಲಿ ಒಮ್ಮೆ 'ಕಾಯಕಯೋಗಿ' ಎಂದು ಶಾಲು ಹೊದಿಸಿದರು. ಆ ಶಾಲು ಇಂದಿಗೂ ಪೆಟ್ಟಿಗೆಯಲ್ಲಿದೆ. ಅದನ್ನು ಕಂಡಾಗಲೆಲ್ಲ ನಾಚಿಕೆಯಾಗುತ್ತದೆ. ಶರಣರು ಕಾಯಕವನ್ನು ಅಡಗಿಕೊಳ್ಳುವ ಜಾಗವೆಂದು ಹೇಳಲಿಲ್ಲ. ನಾನು ಕಾಯಕದ ಹಿಂದೆ ಅಡಗಿಕೊಂಡೆ. ಮನೆಯಲ್ಲಿ ಹೆಂಡತಿ ಒಬ್ಬಳೇ ಎಂಟು, ಹತ್ತು, ಹದಿನೈದು ವರ್ಷದ ಮಗನನ್ನು ಎತ್ತಿ ಇಳಿಸಿ ಸ್ನಾನ ಮಾಡಿಸುತ್ತಿದ್ದಳು.

ಮನೆಗೆ ಬಂದ ದಿನಗಳಲ್ಲಾದರೂ ಹೇಗಿದ್ದೆ? ಸಣ್ಣದಕ್ಕೂ ಸಿಟ್ಟು. ತಟ್ಟೆ ಸರಿಸಿ ಎದ್ದು ಹೋಗುವುದು. ನಿದ್ದೆ ಮೂರು ತಾಸು. ನೆಂಟರ ಮದುವೆಗಳಿಗೆ ಹೋಗುವುದು ನಿಲ್ಲಿಸಿದೆ. ಓರಗೆಯವರ ಮಕ್ಕಳು ಹತ್ತನೆಯ ತರಗತಿ ಪಾಸಾಗಿ ಪೇಢೆ ತಂದುಕೊಟ್ಟರೆ, ನಗುತ್ತ ತೆಗೆದುಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದೆ. ನನ್ನ ಜೊತೆಯ ಇನ್ನೊಬ್ಬ ತಂದೆ ಇದೇ ಸ್ಥಿತಿಯಲ್ಲಿ ಕುಡಿತಕ್ಕೆ ಬಿದ್ದರು. ಅವರನ್ನು ಸಮಾಜ 'ಕುಡುಕ' ಎಂದಿತು, ನನ್ನನ್ನು 'ಕಾಯಕಯೋಗಿ' ಎಂದಿತು. ಇಬ್ಬರ ರೋಗವೂ ಒಂದೇ ಆಗಿತ್ತು.

ಇನ್ನೊಂದು ಮಾತಿದೆ. ಬರೆಯಲೋ ಬೇಡವೋ ಎಂದು ಬಹಳ ಯೋಚಿಸಿದೆ. ಹೆಂಡತಿಯನ್ನು ಕೇಳಿದೆ. "ಬರೀರಿ. ನನಗೂ ಹಂಗ ಅನಸ್ತಿತ್ತು" ಎಂದಳು. ಆ ಮಾತು ಇದು: ನನಗಿಂತ ಮೊದಲು ನನ್ನ ಮಗ ಹೋಗಲಿ ಎಂದು ನಾನು ಬೇಡಿಕೊಂಡಿದ್ದೇನೆ. ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಬೇಡಿಕೊಂಡಿದ್ದೇನೆ. ಸಿಟ್ಟಿನಿಂದಲ್ಲ, ದ್ವೇಷದಿಂದಲ್ಲ. ನಾನು ಸತ್ತ ಮೇಲೆ ಇವನಿಗೆ ಅನ್ನ ಕಲಸಿ ಕೊಡುವವರು ಯಾರು ಎಂಬ ಭಯದಿಂದ. ಇಂಥ ಮಗುವಿನ ತಂದೆಯರನ್ನು ಒಬ್ಬೊಬ್ಬರನ್ನೇ ಕೂರಿಸಿಕೊಂಡು ಮಾತಾಡಿಸಿದ್ದೇನೆ. ಈ ಬೇಡಿಕೆಯನ್ನು ಒಪ್ಪಿಕೊಂಡವರು ಹಲವರು. ಒಪ್ಪಿಕೊಂಡ ಮೇಲೆ ಅತ್ತವರೂ ಹಲವರು. ಶರಣ ಬಂಧುಗಳೇ, ಒಬ್ಬ ತಂದೆ ತನ್ನ ಮಗುವಿನ ಸಾವನ್ನು ಬೇಡುವ ಸ್ಥಿತಿಗೆ ಬಂದಿದ್ದಾನೆ ಎಂದರೆ ಅವನಿಗೆ ಬೇಕಾದದ್ದು ಹಿಂದಿನ ಜನ್ಮದ ಕಥೆಯೇ?

ಈಗ ಕರ್ಮದ ಮಾತಿಗೆ ನೇರವಾಗಿ ಬರುತ್ತೇನೆ.

ಡೌನ್ ಸಿಂಡ್ರೋಮ್ ಬರುವುದು 21ನೆಯ ಕ್ರೋಮೋಸೋಮ್ ಎರಡಿರುವ ಕಡೆ ಮೂರಿರುವುದರಿಂದ. ಹುಟ್ಟುವಾಗ ಮಿದುಳಿಗೆ ಆಮ್ಲಜನಕ ಸಾಲದಿದ್ದರೆ ನನ್ನ ಮಗನಂತಾಗಬಹುದು. ಹುಟ್ಟಿನಿಂದ ಥೈರಾಯ್ಡ್ ಕೆಲಸ ಮಾಡದಿದ್ದರೆ, ಸಮಯಕ್ಕೆ ಔಷಧ ಕೊಡದಿದ್ದರೆ, ಮಗುವಿನ ಬುದ್ಧಿ ಬೆಳೆಯುವುದಿಲ್ಲ. ಹುಟ್ಟಿದ ಕೂಸಿಗೆ ಕಾಮಾಲೆ ವಿಪರೀತವಾದರೆ, ಗರ್ಭಿಣಿಗೆ ಅಯೋಡಿನ್ ತೀರ ಕಡಿಮೆಯಾದರೆ, ಮಿದುಳಿಗೆ ಪೆಟ್ಟು ಬೀಳುತ್ತದೆ. ಎಷ್ಟೋ ಮಕ್ಕಳಲ್ಲಿ ಕಾರಣವೇ ಸಿಗುವುದಿಲ್ಲ. ಸಿಗದ ಕಾರಣಕ್ಕೆ ಪಾಪವೆಂದು ಹೆಸರಿಡುವ ಅಧಿಕಾರ ಯಾರಿಗೂ ಇಲ್ಲ. ಕಾಲುವೆ ಒಡೆದರೆ ನಾವು ಮಣ್ಣು ಪರೀಕ್ಷಿಸುತ್ತೇವೆ. ಕಾಲುವೆಯ ಹಿಂದಿನ ಜನ್ಮ ಕೇಳುವುದಿಲ್ಲ.

ಶಾಸ್ತ್ರದ ಮಾತು ಬೇಕೆನ್ನುವವರಿಗೆ ನಮ್ಮದೇ ತತ್ತ್ವ ಸಾಕು. ಲಿಂಗದೀಕ್ಷೆಯಾದವನ ಪೂರ್ವಾಶ್ರಯ ಅಳಿಯಿತು ಎನ್ನುತ್ತೇವೆ. ಪೂರ್ವಾಶ್ರಯವೇ ಅಳಿದ ಮೇಲೆ ಹಿಂದಿನ ಜನ್ಮದ ಸಾಲದ ಪುಸ್ತಕವನ್ನು ಯಾರು ಕಾಪಾಡಿಟ್ಟಿದ್ದಾರೆ? ಜಾತಿಯ ವಿಷಯ ಬಂದಾಗ ಪೂರ್ವಾಶ್ರಯ ಇಲ್ಲವೆಂದು ಗುಡುಗುವವರು, ಬುದ್ಧಿಮಾಂದ್ಯ ಮಗುವಿನ ತಂದೆ ಎದುರಿಗೆ ಬಂದಾಗ ಮಾತ್ರ ಆ ಪುಸ್ತಕ ತೆರೆಯುವುದೇಕೆ? ಪಂಚಾಂಗ, ಶಕುನ, ಮುಹೂರ್ತಗಳನ್ನು ಶರಣರು ಬಿಟ್ಟು ಎಂಟುನೂರು ವರ್ಷ ದಾಟಿತು. ನಮ್ಮ ವೇದಿಕೆಗಳಲ್ಲಿ ಅವು ಹಿಂಬಾಗಿಲಿನಿಂದ ಒಳಗೆ ಬರುತ್ತಿವೆ, ಕಾವಿಯ ಮರೆಯಲ್ಲಿ ಬರುತ್ತಿವೆ.

ಕರ್ಮದ ಮಾತಿಗೆ ಒಂದು ನಯವಾದ ತಮ್ಮನಿದ್ದಾನೆ. "ನೀವು ಪುಣ್ಯವಂತರು, ದೇವರು ನಿಮ್ಮ ಸಹನಾ ಶಕ್ತಿ ನೋಡಿ ಈ ಮಗು ಕೊಟ್ಟಾನ" ಎನ್ನುವ ಮಾತು. ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಈ ಹೊಗಳಿಕೆಯಿಂದ ತಂದೆಯ ಬಾಯಿ ಮುಚ್ಚುತ್ತದೆ. ಸಹನೆಯ ಪದಕ ಕೊಟ್ಟ ಮೇಲೆ ಅವನು 'ನನ್ನಿಂದ ಆಗುತ್ತಿಲ್ಲ' ಎಂದು ಹೇಳುವುದು ಹೇಗೆ? "ಗಂಡಸರಾಗಿ ಹಿಂಗ ಅಳ್ತಾರೇನ್ರಿ" ಎಂಬ ಮಾತಂತೂ ಇದ್ದೇ ಇದೆ.

ನನ್ನ ವೃತ್ತಿಯ ಒಂದು ವಿಷಯ ಹೇಳುತ್ತೇನೆ. ರಸ್ತೆ ಬದಿಯ ತಡೆಗೋಡೆಗಳಲ್ಲಿ ಸಾಲಾಗಿ ಸಣ್ಣ ತೂತುಗಳಿರುವುದನ್ನು ನೀವು ನೋಡಿರುತ್ತೀರಿ. ಅವಕ್ಕೆ ವೀಪ್ ಹೋಲ್ ಎನ್ನುತ್ತೇವೆ, ಅಂದರೆ ಗೋಡೆ ಕಣ್ಣೀರು ಹಾಕುವ ತೂತು. ಗೋಡೆಯ ಹಿಂದಿನ ಮಣ್ಣಿನಲ್ಲಿ ಮಳೆನೀರು ತುಂಬಿದರೆ ಹೊರಹೋಗಲು ಆ ದಾರಿ. ತೂತು ಮುಚ್ಚಿಕೊಂಡರೆ ನೀರಿನ ಒತ್ತಡಕ್ಕೆ ಎಂಥ ಗಟ್ಟಿ ಗೋಡೆಯೂ ಮುಂದಕ್ಕೆ ವಾಲುತ್ತದೆ, ಒಂದು ಮಳೆಗಾಲ ಬಿದ್ದೇ ಬೀಳುತ್ತದೆ. ತೂತು ಬಿಡದೆ ಗೋಡೆ ಕಟ್ಟಿದ ಗುತ್ತಿಗೆದಾರರ ಬಿಲ್ಲು ನಾನು ಪಾಸು ಮಾಡುತ್ತಿರಲಿಲ್ಲ. ನನ್ನನ್ನೇ ನಾನು ಹಾಗೆ ಕಟ್ಟಿಕೊಂಡಿದ್ದೆ. ನಮ್ಮ ಸಮಾಜ ಗಂಡಸರನ್ನೆಲ್ಲ ಹಾಗೆಯೇ ಕಟ್ಟುತ್ತದೆ, ಬಿದ್ದಾಗ ಕಲ್ಲು ಸರಿಯಿರಲಿಲ್ಲ ಎನ್ನುತ್ತದೆ.

ನಾನು ಬಿದ್ದದ್ದು 2009ರಲ್ಲಿ. ಎದೆನೋವೆಂದು ಆಸ್ಪತ್ರೆಗೆ ಹೋದೆ. ಎಲ್ಲ ಪರೀಕ್ಷೆ ಮಾಡಿದರು, ಹೃದಯ ಸರಿಯಾಗಿತ್ತು. ವಯಸ್ಸಾದ ವೈದ್ಯರೊಬ್ಬರು ವರದಿಗಳನ್ನು ಬದಿಗಿಟ್ಟು, "ಮನ್ಯಾಗ ಏನು ನಡದದ ಹೇಳ್ರಿ" ಎಂದರು. ಅರ್ಧ ತಾಸು ಮಾತಾಡಿದ ಮೇಲೆ ಮಾನಸಿಕ ತಜ್ಞರಿಗೆ ಚೀಟಿ ಬರೆದುಕೊಟ್ಟರು. ಆ ವಿಭಾಗದ ಎದುರು ಜೀಪಿನಲ್ಲಿ ಬಹಳ ಹೊತ್ತು ಕೂತಿದ್ದೆ. ನಮ್ಮ ಕಚೇರಿಯವರು ಯಾರಾದರೂ ನೋಡಿದರೆ? ಕೊನೆಗೆ ಡ್ರೈವರನನ್ನು ಚಹಾಕ್ಕೆ ಕಳಿಸಿ ಒಳಗೆ ಹೋದೆ. ಖಿನ್ನತೆ ಎಂದರು. ಕೆಲವು ತಿಂಗಳು ಮಾತ್ರೆ, ಅದಕ್ಕಿಂತ ಹೆಚ್ಚಾಗಿ ಮಾತು. ನಿದ್ದೆ ಬಂತು. ಸಿಟ್ಟು ಇಳಿಯಿತು. ಒಂದು ದಿನ ಮಗನಿಗೆ ನಾನೇ ಸ್ನಾನ ಮಾಡಿಸಿದೆ, ಅವನ ಹದಿನೆಂಟನೆಯ ವಯಸ್ಸಿನಲ್ಲಿ, ಮೊದಲ ಸಲ.

ತಿಳಿದುಕೊಂಡದ್ದನ್ನು ಓದುಗರಿಗೂ ಹೇಳುತ್ತೇನೆ. ಎರಡು ವಾರಕ್ಕಿಂತ ಹೆಚ್ಚು ಕಾಲ ಮನಸ್ಸು ಕುಗ್ಗಿಯೇ ಇದ್ದರೆ, ಯಾವುದರಲ್ಲಿಯೂ ಆಸಕ್ತಿ ಇಲ್ಲದಿದ್ದರೆ, ನಿದ್ದೆ-ಹಸಿವು ಕೆಟ್ಟರೆ, ಅದನ್ನು ತೋರಿಸಬೇಕು. ಗಂಡಸರಲ್ಲಿ ಅದು ಅಳುವಾಗಿ ಕಾಣದೆ ಸಿಟ್ಟಾಗಿ, ಕುಡಿತವಾಗಿ, ಮನೆ ಸೇರದಿರುವುದಾಗಿ, ಮೈಕೈ ನೋವಾಗಿ ಕಾಣಬಹುದು. ಅದಕ್ಕೆ ಚಿಕಿತ್ಸೆಯಿದೆ, ವಾಸಿಯಾಗುತ್ತದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಎಂಬುದು ದೇಶದಲ್ಲಿ 1996ರಲ್ಲಿ ಆರಂಭವಾಯಿತು. ಅದರ ಮಾದರಿ ರೂಪುಗೊಂಡದ್ದು ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ, 1980ರ ದಶಕದ ನಿಮ್ಹಾನ್ಸ್ ಪ್ರಯೋಗದಲ್ಲಿ. ಜಿಲ್ಲಾ ಆಸ್ಪತ್ರೆಗೆ ಹೋಗಲು ಸಂಕೋಚವಿದ್ದರೆ ಮನೆಯಲ್ಲಿ ಕುಳಿತು 14416ಕ್ಕೆ ಫೋನ್ ಮಾಡಿ. ಅದು ಟೆಲಿ-ಮಾನಸ್, 2022ರಿಂದ ಸರ್ಕಾರ ನಡೆಸುತ್ತಿದೆ. ಹಗಲು ರಾತ್ರಿ ಸಿಗುತ್ತದೆ, ದುಡ್ಡು ಕೇಳುವುದಿಲ್ಲ, ಕನ್ನಡದಲ್ಲಿ ಮಾತಾಡಬಹುದು. ಬದುಕೇ ಸಾಕೆನಿಸಿದ ರಾತ್ರಿ ತಡ ಮಾಡಬೇಡಿ, ಆಗಲೇ ಮಾಡಿ.

ಎಲ್ಲ ದುಃಖವೂ ರೋಗವಲ್ಲ ಎಂಬುದನ್ನೂ ಅಲ್ಲಿಯೇ ಕಲಿತೆ. ಅಮೆರಿಕದಲ್ಲಿ ಸೈಮನ್ ಒಲ್ಶಾನ್‌ಸ್ಕಿ ಎಂಬುವರು 1962ರಲ್ಲಿ, ಬುದ್ಧಿಮಾಂದ್ಯ ಮಕ್ಕಳ ತಂದೆ-ತಾಯಿಯರ ನೋವಿಗೆ 'ದೀರ್ಘಕಾಲದ ದುಃಖ' ಎಂದು ಹೆಸರಿಟ್ಟರು. ಇದು ಸಹಜವಾದ ದುಃಖ, ಮಗು ಇರುವವರೆಗೂ ಆಗಾಗ ಮರಳಿ ಬರುತ್ತದೆ, ಇದನ್ನು ಮನೋರೋಗವೆಂದು ಕರೆಯಬೇಡಿ, ಬೇಗ ಮರೆತುಬಿಡಿ ಎಂದು ಒತ್ತಾಯಿಸಲೂ ಬೇಡಿ ಎಂಬುದು ಅವರ ವಾದ. ಓರಗೆಯ ಹುಡುಗನ ಮದುವೆಯ ಕಾರ್ಡು ಬಂದ ದಿನ ನನಗೆ ಇಂದಿಗೂ ಊಟ ಸೇರುವುದಿಲ್ಲ. ಅದನ್ನು ಈಗ ಹೆಂಡತಿಗೆ ಹೇಳುತ್ತೇನೆ. ಅವಳಿಗೂ ಸೇರುವುದಿಲ್ಲ. ಇಬ್ಬರೂ ಒಂದಿಷ್ಟು ಹೊತ್ತು ಸುಮ್ಮನೆ ಕೂತು ಆಮೇಲೆ ಉಣ್ಣುತ್ತೇವೆ.

ಒಂದು ಆಕ್ಷೇಪ ಬರುತ್ತದೆ, ಬರಬೇಕಾದದ್ದೇ. "ಎಲ್ಲಾ ಕಷ್ಟ ಪಡೋದು ತಾಯಿ. ತಂದಿಯ ಮನಸ್ಸಿನ ಮಾತು ಯಾಕ್ರಿ?" ಹೌದು, ತಾಯಿಯ ಭಾರವೇ ದೊಡ್ಡದು. ನನ್ನ ಮನೆಯ ಲೆಕ್ಕದಲ್ಲಿ ಹದಿನೆಂಟು ವರ್ಷ ಪೂರ್ತಿ ಭಾರ ಅವಳದೇ. ಆದರೆ ಆ ಭಾರ ಅಷ್ಟು ದೊಡ್ಡದಾದದ್ದು ಏಕೆ? ನಾನು ಕುಸಿದು ಕುಳಿತದ್ದರಿಂದ. ಕುಸಿದ ತಂದೆ ಮನೆಗೆ ಇನ್ನೊಂದು ಭಾರ. ಅವನನ್ನು ಎತ್ತಿ ನಿಲ್ಲಿಸಿದರೆ ಮೊದಲು ಹಗುರಾಗುವುದು ತಾಯಿಯ ಹೆಗಲು. ತಂದೆಗೆ ಕನಿಕರ ತೋರಿಸಿರೆಂದು ಕೇಳುತ್ತಿಲ್ಲ. ಅವನನ್ನು ಕೆಲಸಕ್ಕೆ ಬರುವಂತೆ ಮಾಡಿರೆಂದು ಕೇಳುತ್ತಿದ್ದೇನೆ.

ನನ್ನನ್ನು ಎತ್ತಿ ನಿಲ್ಲಿಸಿದ ಇನ್ನೊಬ್ಬರಿದ್ದಾರೆ. ಚಿಕಿತ್ಸೆ ಶುರುವಾದ ವರ್ಷವೇ, ಮಗನ ವಿಶೇಷ ಶಾಲೆಯ ಪಾಲಕರ ಸಭೆಗೆ ಮೊದಲ ಸಲ ಹೋದೆ. ತಾಯಂದಿರೆಲ್ಲ ಒಳಗಿದ್ದರು. ಹೊರಗೆ ಬೇವಿನ ಮರದ ಕೆಳಗೆ ಒಬ್ಬ ಬಸ್ ಚಾಲಕರು ಖಾಕಿಯಲ್ಲೇ ನಿಂತಿದ್ದರು. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಸಾಹೇಬ್ರ, ನಿಮ್ಮವಾ ರಾತ್ರಿ ಮಲಗತಾನೇನ್ರಿ?" ಅಷ್ಟೇ. ಹದಿನೆಂಟು ವರ್ಷದಲ್ಲಿ ಯಾವ ಗಂಡಸೂ ನನ್ನನ್ನು ಕೇಳದಿದ್ದ ಪ್ರಶ್ನೆ. ಅವರ ಮಗಳು ಮಲಗುತ್ತಿರಲಿಲ್ಲವಂತೆ. ರಾತ್ರಿ ಪಾಳಿ ಕೇಳಿ ಪಡೆದಿದ್ದರಂತೆ, ಮನೆಯಿಂದ ದೂರವಿರಲು. ನಾನು ಕ್ಯಾಂಪಿನ ಕಥೆ ಹೇಳಿದೆ. ಇಬ್ಬರೂ ನಕ್ಕೆವು. ಆಮೇಲೆ ಅವರು ಮುಖ ಆ ಕಡೆ ಮಾಡಿಕೊಂಡರು, ನಾನು ಈ ಕಡೆ. ಅದೇ ನನ್ನ ಮಟ್ಟಿಗೆ ಅನುಭವ ಮಂಟಪ.

ಆ ಮರದ ಕೆಳಗೆ ಸೇರುವವರು ಇಬ್ಬರಿಂದ ಒಂಬತ್ತು ಮಂದಿಯಾದೆವು. ಆಗ ಗೊತ್ತಾದದ್ದು, ನಮ್ಮೆಲ್ಲರ ದೊಡ್ಡ ಭಯ ಒಂದೇ: ನಾವು ಹೋದ ಮೇಲೆ ಯಾರು? ಆ ಭಯದ ಅರ್ಧಭಾಗ ತಿಳಿಯದ್ದರಿಂದ ಬಂದದ್ದು. ಕಾಗದಪತ್ರ ನೋಡುವುದು ನನ್ನ ಕಸುಬು, ಹುಡುಕಿದೆ.

ಮಗುವಿಗೆ 18 ತುಂಬಿದ ಮೇಲೆ ಅವರ ಪರವಾಗಿ ನಿರ್ಧಾರ ಮಾಡಲು 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಪೋಷಕರನ್ನು ನೇಮಿಸಬಹುದು. ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಸ್ಥಳೀಯ ಸಮಿತಿಗೆ ಅರ್ಜಿ ಕೊಡಬೇಕು. ಅದೇ ಟ್ರಸ್ಟಿನ ನಿರಾಮಯ ಯೋಜನೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆಯಿದೆ. ಸರ್ಕಾರಿ ನೌಕರನ ಮಗ ಅಥವಾ ಮಗಳು ಈ ಕಾರಣದಿಂದ ದುಡಿಯಲಾರದವರಾದರೆ, ತಂದೆ-ತಾಯಿಯ ನಂತರ ಅವರಿಗೆ ಜೀವನಪೂರ್ತಿ ಕುಟುಂಬ ಪಿಂಚಣಿ ಸಿಗುವ ಅವಕಾಶವಿದೆ. ನಾವು ಬದುಕಿರುವಾಗಲೇ ಹೆಸರು ದಾಖಲಿಸಬೇಕು. ಕೇಂದ್ರ ಸರ್ಕಾರ 2014ರಲ್ಲಿ ಒಂದು ಆದೇಶ ಮಾಡಿ, ಅಂಗವಿಕಲ ಮಗುವನ್ನು ನೋಡಿಕೊಳ್ಳುವ ತನ್ನ ನೌಕರರನ್ನು ಸಾಮಾನ್ಯ ವರ್ಗಾವಣೆಯಿಂದ ಬಿಡಬಹುದು ಎಂದಿತು. ತಂದೆಯೂ ಮಗುವನ್ನು ನೋಡಿಕೊಳ್ಳುವವನೇ ಎಂದು ಸರ್ಕಾರ ಒಪ್ಪಿತು. ನಮ್ಮ ಬೀಗರು ಇನ್ನೂ ಒಪ್ಪಿಲ್ಲ.

ಹಿಸ್ಸೆಯ ಮಾತೂ ಹೇಳಬೇಕು. "ಅವಗ್ಯಾಕ ಹೊಲ? ಅವ ಏನ್ ಉಳತಾನ?" ಎಂದು ಅಣ್ಣತಮ್ಮಂದಿರೇ ಬುದ್ಧಿಮಾಂದ್ಯ ಮಗನ ಪಾಲು ನುಂಗುವುದನ್ನು ಲಿಂಗಾಯತ ಮನೆಗಳಲ್ಲಿಯೇ ನೋಡಿದ್ದೇನೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಲಿಂಗಾಯತರಿಗೂ ಅನ್ವಯಿಸುತ್ತದೆ. ಯಾವುದೇ ರೋಗ ಅಥವಾ ಊನದ ಕಾರಣಕ್ಕೆ ಯಾರನ್ನೂ ಉತ್ತರಾಧಿಕಾರದಿಂದ ಹೊರಗಿಡುವಂತಿಲ್ಲ ಎಂದು ಅದರ 28ನೆಯ ಕಲಮು ಸ್ಪಷ್ಟವಾಗಿ ಹೇಳುತ್ತದೆ. ಊರ ಹಿರಿಯರು ಹಿಸ್ಸೆ ಮಾಡಲು ಕೂರುವ ಮುನ್ನ ಇದನ್ನು ಓದಲಿ.

ಉಳಿದ ಅರ್ಧ ಭಯ ಕಾಗದದಿಂದ ಹೋಗುವುದಿಲ್ಲ. ಅದು ಹೋಗುವುದು ಜನರಿಂದ, ಅಂದರೆ ಸಮಾಜದಿಂದ, ಮಠದಿಂದ.

"ಮಠ ಆಸ್ಪತ್ರೆಯಲ್ಲ" ಎನ್ನುತ್ತಾರೆ. ಗದುಗಿನ ವೀರೇಶ್ವರ ಪುಣ್ಯಾಶ್ರಮ ಏನಾಗಿತ್ತು? ಹಾನಗಲ್ ಕುಮಾರ ಶಿವಯೋಗಿಗಳು ಒಬ್ಬ ಕುರುಡು ಬಾಲಕನನ್ನು ಕರೆತಂದು ಸಂಗೀತ ಕಲಿಸಿದರು. ಆ ಬಾಲಕ ಪಂಚಾಕ್ಷರಿ ಗವಾಯಿಗಳಾಗಿ ನೂರಾರು ಅಂಧ, ಅನಾಥ ಮಕ್ಕಳಿಗೆ ಆಶ್ರಯವಾದರು. ಅವರ ನಂತರ, ಸ್ವತಃ ಅಂಧರಾದ ಪುಟ್ಟರಾಜ ಗವಾಯಿಗಳು 2010ರಲ್ಲಿ ಲಿಂಗೈಕ್ಯರಾಗುವವರೆಗೂ ಆ ಕೆಲಸ ನಡೆಸಿದರು. ಅಂದು ಯಾರಾದರೂ ಕುರುಡುತನ ಕರ್ಮಫಲ, ಅನುಭವಿಸಲಿ ಎಂದು ಸುಮ್ಮನೆ ಕುಳಿತಿದ್ದರೆ ಗದುಗಿನ ಸಂಗೀತ ಎಲ್ಲಿರುತ್ತಿತ್ತು? ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು 111 ವರ್ಷ ಬಾಳಿ 2019ರಲ್ಲಿ ಲಿಂಗೈಕ್ಯರಾದರು. ಸಾವಿರಾರು ಬಡ ಮಕ್ಕಳಿಗೆ ಅನ್ನ, ಅಕ್ಷರ ಕೊಟ್ಟರು, ಜಾತಿ ಕೇಳಲಿಲ್ಲ. ಕಣ್ಣಿಲ್ಲದವರಿಗೆ ಜಾಗ ಮಾಡಿದ ಪರಂಪರೆ, ಹಸಿದವರಿಗೆ ಜಾಗ ಮಾಡಿದ ಪರಂಪರೆ, ಬುದ್ಧಿ ಕಡಿಮೆಯಿದ್ದ ಮಕ್ಕಳಿಗೂ ಅವರ ತಂದೆ-ತಾಯಿಗೂ ಜಾಗ ಮಾಡಲಾರದೆ?

ಪೂಜ್ಯರಲ್ಲಿ, ಸಮಾಜದ ಹಿರಿಯರಲ್ಲಿ ನನ್ನ ಬೇಡಿಕೆ ನಾಲ್ಕೇ. ಯಾವುದಕ್ಕೂ ಹೊಸ ಕಟ್ಟಡ ಬೇಕಿಲ್ಲ.

ಮೊದಲನೆಯದು, ಮಠದ ವೇದಿಕೆಯಿಂದ ಅಂಗವೈಕಲ್ಯಕ್ಕೆ ಕರ್ಮದ ಕಾರಣ ಹೇಳುವುದನ್ನು ನಿಲ್ಲಿಸಬೇಕು. ಪ್ರವಚನಕಾರರನ್ನು ಕರೆಸುವಾಗಲೇ ಇದನ್ನು ತಿಳಿಸಬೇಕು.

ಎರಡನೆಯದು, ಈ ಮಕ್ಕಳಿಗೆ ದೀಕ್ಷೆ ಕೊಡಬೇಕು. ಹುಟ್ಟಿದ ಕೂಸಿಗೆ ಲಿಂಗ ಕಟ್ಟುವ ನಾವು, ದೀಕ್ಷೆಯ ವಯಸ್ಸಿಗೆ ಬಂದ ಈ ಮಕ್ಕಳಿಗೆ "ತಿಳಿವಳಿಕೆ ಬರಲಿ" ಎಂದು ಮುಂದೂಡುತ್ತೇವೆ. ನನ್ನ ಮಗನಿಗೂ ಹದಿನಾರು ವರ್ಷ ಮುಂದೂಡಿದರು. ಅವನು ಈಗ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಅಲುಗದೆ ಕೂರುವಷ್ಟು ಹೊತ್ತು ನನಗೆ ಕೂರಲಾಗುವುದಿಲ್ಲ. ತಿಳಿವಳಿಕೆ ಯಾರಿಗೆ ಬರಬೇಕಾಗಿದೆ?

ಮೂರನೆಯದು, ತಿಂಗಳಿಗೆ ಒಂದು ಭಾನುವಾರ ಮಠದ ಒಂದು ಕೋಣೆಯನ್ನು ಈ ತಂದೆಯರಿಗೆ ಬಿಟ್ಟುಕೊಡಿ. ಭಾಷಣ ಬೇಡ, ಹಾರ ತುರಾಯಿ ಬೇಡ. ಅವರು ತಮ್ಮತಮ್ಮಲ್ಲೇ ಮಾತಾಡಿಕೊಳ್ಳಲಿ. ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಜಿಲ್ಲಾ ಆಸ್ಪತ್ರೆಯಲ್ಲಿ ಆಪ್ತಸಮಾಲೋಚಕರಿದ್ದಾರೆ. ಮಠದಿಂದ ಕರೆ ಹೋದರೆ ಬರುತ್ತಾರೆ.

ನಾಲ್ಕನೆಯದು, ಅದೇ ದಿನ ಮಕ್ಕಳನ್ನು ನಾಲ್ಕು ತಾಸು ನೋಡಿಕೊಳ್ಳಲು ಸಮಾಜದ ಯುವಕರು ಮುಂದೆ ಬರಲಿ. ವಿಶೇಷ ಶಾಲೆಯ ಶಿಕ್ಷಕರಿಂದ ಒಂದೆರಡು ದಿನದ ತರಬೇತಿ ಕೊಡಿಸಿದರೆ ಸಾಕು. ಇದೂ ದಾಸೋಹವೇ. ಅನ್ನ ನೀಡುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ನಾಲ್ಕು ತಾಸು ಬಿಡುವು ನೀಡುವವರು ಬೇಕಾಗಿದ್ದಾರೆ. ಹೆಂಡತಿಯೂ ನಾನೂ ಒಟ್ಟಿಗೆ ಒಂದು ಮದುವೆಗೆ ಹೋಗಿ ಉಂಡು ಬಂದು ಎಷ್ಟು ವರ್ಷವಾಯಿತೆಂದು ನಮಗೇ ನೆನಪಿಲ್ಲ.

ಕೊನೆಯದಾಗಿ ಈ ಪತ್ರಿಕೆಯ ಓದುಗರಿಗೆ ಒಂದು ಮಾತು. ನಿಮ್ಮ ನೆರೆಯಲ್ಲಿ ಇಂಥ ಮಗುವಿದ್ದರೆ, ತಂದೆಯನ್ನು ಕಂಡಾಗ ಧೈರ್ಯ ಹೇಳಬೇಡಿ, ಪುಣ್ಯವಂತನೆನ್ನಬೇಡಿ. ರಾತ್ರಿ ಮಲಗುತ್ತೀರಾ ಎಂದು ಕೇಳಿ. ಕೇಳಿದ ಮೇಲೆ ಉತ್ತರ ಬರುವವರೆಗೆ ನಿಲ್ಲಿ.

ಕಳೆದ ಶ್ರಾವಣದಲ್ಲಿ ಮಗಳನ್ನು ಹೆಗಲಿಗೆ ಹಾಕಿಕೊಂಡು ಎದ್ದು ಹೋದ ತಮ್ಮ, ಈ ಪತ್ರಿಕೆ ನಿನ್ನ ಕೈಗೆ ಬಂದರೆ ಕೇಳು. ಆ ಸಂಜೆ ನೀನು ಮಾಡಿದ್ದು ಸರಿ, ನಾನು ಮಾಡಿದ್ದು ತಪ್ಪು. ಮುಂದಿನ ಶ್ರಾವಣಕ್ಕೆ ಬಾ. ನಾವು ಅದೇ ಸಾಲಿನಲ್ಲಿ ಕೂತಿರುತ್ತೇವೆ. ಯಾರಾದರೂ ಅದೇ ಮಾತು ಆಡಿದರೆ ಈ ಸಲ ನಾನು ಎದ್ದು ನಿಲ್ಲುತ್ತೇನೆ. ಪ್ರಸಾದಕ್ಕೆ ನಿನ್ನ ಮಗಳು ನನ್ನ ಮಗನ ಪಕ್ಕ ಕೂರಲಿ.